ಹಲಗೆಯಿಲ್ಲದ ಕಪಾಟು

ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ನಾನು ನಮ್ಮ ಮಲಗುವ ಕೋಣೆಯ ಕಪಾಟಿನ ಮುಂದೆ ಸೊಂಟ ಬಗ್ಗಿಸಿ ನಿಲ್ಲುತ್ತೇನೆ. ಕಪಾಟಿನ ಎತ್ತರ ಆರೂವರೆ ಅಡಿ. ಅಷ್ಟೆತ್ತರದ ಕಪಾಟಿನಿಂದ ಒಂದು ಅಂಗಿ ತೆಗೆದುಕೊಳ್ಳಲು ಐದೂವರೆ ಅಡಿಯ ಮನುಷ್ಯ ಯಾಕೆ ಬಗ್ಗಬೇಕು ಎಂದು ನೀವು ಕೇಳಬಹುದು. ಯಾಕೆಂದರೆ ಅದರೊಳಗೆ ಒಂದು ಹಲಗೆಯೂ ಇಲ್ಲ. ಮೇಲೆ ಒಂದು ಕಬ್ಬಿಣದ ಕೊಳವೆ, ಅದಕ್ಕೆ ಇಳಿಬಿಟ್ಟ ಹೆಂಡತಿಯ ನಾಲ್ಕಾರು ಸೀರೆ. ನಡುವೆ ಬರೀ ಬಯಲು. ತಳದಲ್ಲಿ ನಾನು ಕಾಲೇಜಿಗೆ ಹೋಗುವಾಗ ಕೊಂಡ ತಗಡಿನ ಟ್ರಂಕು. ನನ್ನ ಅಂಗಿ, ಪ್ಯಾಂಟು, ಬನಿಯನ್ ಎಲ್ಲ ಅದರೊಳಗೇ ಇವೆ.

ಮನೆಗೆ ಹೊಸಬರು ಬಂದರೆ ಗಿರಿಜಾ, ಅಂದರೆ ನನ್ನ ಹೆಂಡತಿ, ಚಹಾ ಕೊಟ್ಟ ಮೇಲೆ ಅವರನ್ನು ಕೋಣೆಗೆ ಕರೆದುಕೊಂಡು ಹೋಗಿ ಈ ಕಪಾಟು ತೋರಿಸುತ್ತಾಳೆ. ‘ನಮ್ಮನಿಯವರು ಸ್ವಂತ ಕೈಲೆ ಮಾಡ್ಯಾರ್ರಿ’ ಎನ್ನುತ್ತಾಳೆ. ಬಂದವರು ಬಾಗಿಲಿನ ಮೇಲೆ ಕೈಯಾಡಿಸಿ ಹೊಗಳುತ್ತಾರೆ, ಆಮೇಲೆ ಬಾಗಿಲು ತೆಗೆದು ಒಳಗೆ ನೋಡಿ ಸುಮ್ಮನಾಗುತ್ತಾರೆ. ಆ ಹೊತ್ತಿಗೆ ನಾನು ನೀರು ಕುಡಿಯಲು ಅಡಿಗೆಮನೆಗೆ ಹೋಗಿರುತ್ತೇನೆ. ಕಳೆದ ಒಂದು ವರ್ಷದಲ್ಲಿ ನಾನು ಕುಡಿದಷ್ಟು ನೀರನ್ನು ನಮ್ಮೂರಿನ ಯಾರೂ ಕುಡಿದಿರಲಾರರು. ನಾಚಿಕೆಯಾದರೆ ಗಂಟಲು ಒಣಗುತ್ತದೆ ಎಂಬುದು ವಿಜ್ಞಾನದ ಮಾಸ್ತರನಾದ ನನಗೆ ಐವತ್ತರ ಹತ್ತಿರ ಬಂದ ಮೇಲೆ ತಿಳಿಯಿತು.

ಕಪಾಟು ಎಂಬ ವಸ್ತು ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಶಲವಡಿಯ ಕಡೆ ನಮ್ಮಂಥ ಮಣ್ಣಿನ ಗೋಡೆಯ ಮನೆಗಳಲ್ಲಿ ಬಟ್ಟೆಗೆಂದು ಇದ್ದದ್ದು ಗಳ. ಮೇಲಿನ ಜಂತೆಗೆ ಎರಡು ಹಗ್ಗ ಬಿಗಿದು ಅಡ್ಡ ತೂಗಿಬಿಟ್ಟ ಆ ಬಿದಿರಿನ ಮೇಲೆ ಇಡೀ ಮನೆಯ ಬಟ್ಟೆ ಬಿದ್ದಿರುತ್ತಿತ್ತು. ಅಪ್ಪನ ಧೋತರದ ಕೆಳಗೆ ನನ್ನ ಚಡ್ಡಿ, ಚಡ್ಡಿಯ ಕೆಳಗೆ ಅಕ್ಕನ ಲಂಗ, ಅದರ ಕೆಳಗೆ ಯಾರದೆಂದು ಯಾರಿಗೂ ಗೊತ್ತಿಲ್ಲದ ಒಂದು ಟವೆಲು. ಶಾಲೆಗೆ ಹೊತ್ತಾಯಿತೆಂದು ಅವಸರದಲ್ಲಿ ಚಡ್ಡಿ ಎಳೆದರೆ ಇಡೀ ಸಂಸಾರವೇ ತಲೆಯ ಮೇಲೆ ಬೀಳುತ್ತಿತ್ತು. ಒಳ್ಳೆಯ ಬಟ್ಟೆಗಳು ಮಾತ್ರ ಟ್ರಂಕಿನಲ್ಲಿ, ಒಣ ಬೇವಿನೆಲೆಯ ಜೊತೆ. ಟ್ರಂಕಿನ ಮೇಲೆ ಸುತ್ತಿಟ್ಟ ನವಲಗುಂದದ ಜಮಖಾನ. ಅದನ್ನು ಇಳಿಸದೆ ಟ್ರಂಕು ತೆಗೆಯುವಂತಿರಲಿಲ್ಲ, ಅದನ್ನು ಇಳಿಸಿದರೆ ಮನೆಗೆ ಬೀಗರು ಬಂದರೆಂದು ನಾನು ಬಾಗಿಲಿಗೆ ಓಡುತ್ತಿದ್ದೆ.

ಇಸ್ತ್ರಿ ಎಂದರೆ ಹಿತ್ತಾಳೆ ತಂಬಿಗೆಯಲ್ಲಿ ಕೆಂಡ ತುಂಬಿ ಬಟ್ಟೆಯ ಮೇಲೆ ಎಳೆಯುವುದು. ಅದು ನೀಲಕ್ಕನ ಕೆಲಸ. ನೀಲಕ್ಕ ನನಗಿಂತ ಆರು ವರ್ಷ ದೊಡ್ಡವಳು. ನನಗೆ ಹತ್ತು ವರ್ಷವಿದ್ದಾಗ ಒಮ್ಮೆ ಅವಳು ನೀರಿಗೆ ಹೋದಾಗ ನಾನೂ ಒಂದು ಕೈ ನೋಡೋಣವೆಂದು ಅಪ್ಪನ ಧೋತರದ ಮೇಲೆ ತಂಬಿಗೆ ಇಟ್ಟೆ. ಇಟ್ಟವನು ಕಿಟಕಿಯಲ್ಲಿ ಮಂಗ ನೋಡುತ್ತ ನಿಂತೆ. ವಾಸನೆ ಬಂದು ತಿರುಗಿ ನೋಡುವಷ್ಟರಲ್ಲಿ ಧೋತರದ ನಡುವೆ ತಂಬಿಗೆಯ ತಳದಷ್ಟೇ ದುಂಡಗಿನ ತೂತು. ಅಪ್ಪ ಬಂದು ಯಾರು ಮಾಡಿದ್ದು ಎಂದು ಕೇಳಿದಾಗ ನಾನು ಬಾಯಿ ತೆಗೆಯಲಿಲ್ಲ. ಕೊಡ ಇಳಿಸುತ್ತಿದ್ದ ಅಕ್ಕ ನನ್ನ ಮುಖ ನೋಡಿ, ‘ನನ್ನ ಕೈಲೆ ಆತ ಅಪ್ಪಾ’ ಎಂದಳು. ಪೆಟ್ಟು ಅವಳಿಗೆ ಬಿತ್ತು. ಆಮೇಲೆ ನಾನು ಅವಳಿಗೆ ಒಂದು ಪೆಪ್ಪರಮೆಂಟು ಕೊಟ್ಟೆ, ಅದನ್ನೂ ಅರ್ಧ ಕಚ್ಚಿ ಕೊಟ್ಟಿದ್ದೆ. ಈ ಮಾತು ಯಾಕೆ ಹೇಳುತ್ತಿದ್ದೇನೆ ಎಂದರೆ, ನನ್ನ ಗುಣ ಮೊದಲಿನಿಂದಲೂ ಹೀಗೇ ಇತ್ತು ಎಂದು ನಿಮಗೆ ಗೊತ್ತಿರಲಿ ಎಂದು.

ಆ ಮನೆಯಲ್ಲಿ ಇದ್ದ ಒಂದೇ ಒಂದು ಚಂದದ ಮರದ ಸಾಮಾನು ತೊಟ್ಟಿಲು. ನಮ್ಮ ಮನೆಯ ಆಯದ ಬಡಿಗೇರರು ಮಾಡಿದ್ದು. ಸುಗ್ಗಿಯಲ್ಲಿ ಜೋಳ ಒಯ್ದು ವರ್ಷವಿಡೀ ಮನೆಯ ಮರಗೆಲಸ ನೋಡಿಕೊಳ್ಳುವ ಮನೆತನ ಅದು. ಈಗಿರುವ ಕಾಳಪ್ಪ ಕಾಕಾನ ಅಪ್ಪ ಸಾಗವಾನಿಯಲ್ಲಿ ಅದನ್ನು ಕಡೆದು, ನಾಲ್ಕೂ ಮಗ್ಗುಲ ಹಲಗೆಗಳ ಮೇಲೆ ಎದುರುಬದುರು ಕೂತ ಗಿಣಿಗಳನ್ನು ಕೆತ್ತಿದ್ದ. ಅಕ್ಕ ಅದರಲ್ಲಿ ಮಲಗಿದ್ದಳು. ಅವಳ ನಂತರ ನಾನು ಮಲಗಿದೆ, ಅವಳು ತೂಗಿದಳು. ನನಗೆ ಆರು ವರ್ಷವಾದ ಮೇಲೂ ಮಧ್ಯಾಹ್ನ ಅವ್ವ ಮಲಗಿದ್ದಾಗ ನಾನು ಮೊಣಕಾಲು ಮಡಚಿ ಅದರೊಳಗೆ ಕೂರುತ್ತಿದ್ದೆ, ಅಕ್ಕ ಜಂತೆಗೆ ಬಡಿಯುವ ಹಾಗೆ ತೂಗುತ್ತಿದ್ದಳು. ಮುಂದೆ ಅಕ್ಕನ ಮಕ್ಕಳೂ ನನ್ನ ಮಗಳು ಸುಧಾಳೂ ಅದರಲ್ಲೇ ಬೆಳೆದರು. ಸುಧಾ ದೊಡ್ಡವಳಾದ ಮೇಲೆ ತೊಟ್ಟಿಲನ್ನು ಬಿಚ್ಚಿ, ಗೋಣಿಚೀಲ ಸುತ್ತಿ ಅಟ್ಟಕ್ಕೆ ಹಾಕಿದ್ದೆವು.

ಹೋದ ವರ್ಷ ಬೇಸಿಗೆಯಲ್ಲಿ, ಸುಧಾ ಬಸುರಿ ಎಂಬ ಸುದ್ದಿ ಹಳೆಯದಾಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬರುವ ದಿನ ಹತ್ತಿರವಾಗುತ್ತಿತ್ತು. ಗಿರಿಜಾ ತನಗಾಗಿ ಏನನ್ನೂ ಕೇಳಿದವಳಲ್ಲ. ಈ ಸಲ ಮಾತ್ರ ಕೇಳಿದಳು. ಬಾಣಂತಿಯ ಕೋಣೆಯಲ್ಲಿ ಕೂಸಿನ ಬಟ್ಟೆ, ದುಪಟಿ ಇಡಲು ಬಾಗಿಲಿರುವ ಒಂದು ಕಪಾಟು ಬೇಕು, ಇನ್ನು ಈ ಟ್ರಂಕಿನ ಸಂಸಾರ ಸಾಕು ಎಂದಳು. ಹುಬ್ಬಳ್ಳಿಗೆ ಹೋಗಿ ಅಂಗಡಿಯಲ್ಲಿ ವಿಚಾರಿಸಿದೆ. ಅವರು ಹೇಳಿದ ದರ ಕೇಳಿ, ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಬಸ್ಸಿನಲ್ಲಿ ಕೂತು ಫೋನು ತೆಗೆದರೆ, ಯಾವುದೋ ದೇಶದ ಒಬ್ಬ ಗಡ್ಡದವನು ಒಂದೇ ದಿನದಲ್ಲಿ ಗೋಡೆಯಿಂದ ಗೋಡೆಗೆ ಕಪಾಟು ನಿಲ್ಲಿಸುವ ವಿಡಿಯೋ ಬಂತು. ಅವನು ಹಾಡು ಗುನುಗುತ್ತ ಕೆಲಸ ಮಾಡುತ್ತಿದ್ದ. ನವಲಗುಂದ ದಾಟುವಷ್ಟರಲ್ಲಿ ನಾನೂ ಬಡಿಗನಾಗಿದ್ದೆ.

ಕಾಳಪ್ಪ ಕಾಕಾನಿಗೆ ಹೇಳಬಹುದಿತ್ತು. ಅವನ ಕೈ ನಿಧಾನ, ಆದರೆ ಮಾಡಿದ್ದು ಅಲುಗುವುದಿಲ್ಲ. ಆದರೆ ಅಷ್ಟರಲ್ಲಿ ನಾನು ನಮ್ಮ ಶಾಲೆಯ ಮಾಸ್ತರರ ಕೋಣೆಯಲ್ಲಿ ಎಲ್ಲರ ಮುಂದೆ, ಅರ್ಧ ಖರ್ಚಿನಲ್ಲಿ ಸ್ವಂತ ಕಪಾಟು ಮಾಡಿ ತೋರಿಸುತ್ತೇನೆ ಎಂದು ಹೇಳಿಬಿಟ್ಟಿದ್ದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನಮ್ಮೂರ ಬಡಿಗೇರರಿಗೆ ಅಳತೆಯೇ ಬರುವುದಿಲ್ಲ, ಅವರು ಮಾಡಿದ ಯಾವ ಬಾಗಿಲು ನೋಡಿದರೂ ಕೆಳಗೆ ಎರಡು ಬೆರಳು ಸಂದಿ ಇರುತ್ತದೆ, ಅದರಲ್ಲಿ ಚೇಳು, ಇಲಿ ಎಲ್ಲ ಓಡಾಡುತ್ತವೆ ಎಂದೂ ಸೇರಿಸಿದ್ದೆ. ಎಲ್ಲರೂ ನಕ್ಕಿದ್ದರು. ಈಗ ನೆನೆದರೆ ಆ ನಗು ಕೇಳಿದ ಕಿವಿಯನ್ನು ಹಿಂಡಿಕೊಳ್ಳಬೇಕು ಅನಿಸುತ್ತದೆ.

ಪ್ಲೈವುಡ್ಡು, ತಿರುಪುಮೊಳೆ, ಬಿಜಾಗರಿ ತಂದು ಕೋಣೆಯ ಒಂದು ಮೂಲೆಯಲ್ಲಿ ಕೆಲಸ ಶುರು ಮಾಡಿದೆ. ಮೂರನೆಯ ದಿನ ಕಾಳಪ್ಪ ಕಾಕಾ ಸುದ್ದಿ ಕೇಳಿ ನೋಡಲು ಬಂದ. ಎಪ್ಪತ್ತು ದಾಟಿದ ಮನುಷ್ಯ, ಕಿವಿಯಲ್ಲಿ ಪೆನ್ಸಿಲ್ಲು. ನನ್ನ ಕೆಲಸ ನೋಡಿ ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಬಾಗಿಲನ್ನು ನಾನು ನೆಲಕ್ಕೆ ತಾಗುವ ಹಾಗೆ ಅಳತೆ ಹಾಕಿದ್ದನ್ನು ನೋಡಿ ಮಾತ್ರ ಬಗ್ಗಿ ಕೂತು ಬೆರಳಿಟ್ಟ.

‘ಮಾಸ್ತರ, ತೆಳಗ ಎರಡ ಬಟ್ಟ ಸಂದಿ ಬಿಡ್ರಿ. ನಮ್ಮದು ಎರಿ ನೆಲಾ. ಮಿರಗದ ಮಳಿ ಹೊಡೀತಂದ್ರ ಮ್ಯಾಲೆ ಬರ್ತೈತಿ’ ಎಂದ.

ನಾನು ನಕ್ಕೆ. ಅದು ಮಣ್ಣಿನ ನೆಲದ ಕಾಲದ ಮಾತು, ಈಗ ಪರ್ಸಿ ಕಲ್ಲು ಹಾಸಿದ್ದೇವೆ ಎಂದೆ. ಫೋನು ತೆಗೆದು ಗಡ್ಡದವನ ಬಾಗಿಲು ತೋರಿಸಿದೆ. ಕಾಕಾ ಅದನ್ನು ಕೊನೆಯವರೆಗೂ ನೋಡಿ, ‘ಅವರ ಊರಾಗ ಎರಿ ಇರಲಿಕ್ಕಿಲ್ರಿ’ ಎಂದು ಎದ್ದು ಹೋದ. ಪ್ರತಿ ವರ್ಷ ಎಂಟನೆಯ ತರಗತಿಗೆ ನಾನು ಗಾಜಿನ ಡಬ್ಬಿಯಲ್ಲಿ ನಮ್ಮ ಎರೆಯ ಕಪ್ಪು ಮಣ್ಣು ಹಾಕಿ, ನೀರು ಸುರಿದು, ಅದು ಹೇಗೆ ಉಬ್ಬುತ್ತದೆ, ಒಣಗಿದರೆ ಹೇಗೆ ಬಿರಿಯುತ್ತದೆ ಎಂದು ತೋರಿಸುತ್ತೇನೆ. ಮಕ್ಕಳು ಚಿತ್ರ ಬರೆದು ಬಣ್ಣ ಹಚ್ಚುತ್ತಾರೆ. ಆ ಡಬ್ಬಿಯ ಮಣ್ಣೂ ನನ್ನ ಮನೆಯ ಕೆಳಗಿನ ಮಣ್ಣೂ ಒಂದೇ ಎಂದು ನನಗೆ ಹೊಳೆಯಲೇ ಇಲ್ಲ.

ಇನ್ನು ಮುಖ್ಯವಾದ ಪಾಪಕ್ಕೆ ಬರುತ್ತೇನೆ. ಚೌಕಟ್ಟು ನಿಂತಿತು, ಬಾಗಿಲು ಆಯಿತು, ಒಳಗಿನ ಹಲಗೆಗಳಿಗೆ ಬರುವಾಗ ಪ್ಲೈವುಡ್ಡು ಮುಗಿದಿತ್ತು. ನಾನು ಎರಡು ಸಲ ತಪ್ಪು ಅಳತೆಯಲ್ಲಿ ಕೊಯ್ದು ಹಾಳು ಮಾಡಿದ್ದೆ. ಮತ್ತೆ ಖರೀದಿಗೆ ಹೋದರೆ ಅರ್ಧ ಖರ್ಚಿನ ಮಾತು ಸುಳ್ಳಾಗುತ್ತಿತ್ತು. ಗಿರಿಜಾ ನಾಲ್ಕು ದಿನಕ್ಕೆ ಅಣ್ಣನ ಮನೆಗೆ ಹೋಗಿದ್ದಳು. ಅಟ್ಟದ ಮೇಲೆ ಗೋಣಿಚೀಲದಲ್ಲಿ ಒಳ್ಳೆಯ ಸಾಗವಾನಿ ಹಲಗೆಗಳು ಸುಮ್ಮನೆ ಬಿದ್ದಿವೆಯಲ್ಲ ಎಂದು ನೆನಪಾಯಿತು. ಈಗ ಯಾರು ಮರದ ತೊಟ್ಟಿಲು ಕಟ್ಟುತ್ತಾರೆ, ಎಲ್ಲರೂ ಕಬ್ಬಿಣದ್ದೇ ತರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಇಳಿಸಿದೆ. ಮಗ್ಗುಲ ಹಲಗೆಗಳ ತುದಿಯನ್ನು ಗರಗಸದಿಂದ ಕೊಯ್ದು, ತಳದ ಹಲಗೆಗಳ ಜೊತೆ ಜೋಡಿಸಿ, ಮೂರು ಅಂತಸ್ತು ಮಾಡಿದೆ. ಗಿಣಿಗಳಿದ್ದ ಕಡೆಯನ್ನು ಕೆಳಮುಖ ಮಾಡಿ ಕೂರಿಸಿದೆ. ಉಳಿದ ಕಾಲು, ಕಂಬಿಗಳನ್ನು ಅದೇ ಗೋಣಿಚೀಲದಲ್ಲಿ ತುಂಬಿ ಹಿತ್ತಲ ಹತ್ತಿಕಟ್ಟಿಗೆಯ ಹಿಂದೆ ನೂಕಿದೆ. ಗಿಣಿಗಳನ್ನು ಕೆಳಗೆ ಮಾಡಿ ಇಡುವಾಗಲೇ ನನಗೆ ಗೊತ್ತಿತ್ತು, ನಾನು ಮಾಡುತ್ತಿರುವುದು ಯಾರೂ ನೋಡಬಾರದ ಕೆಲಸ ಎಂದು.

ಗಿರಿಜಾ ಬಂದು ಕಪಾಟು ನೋಡಿ ಹಿಗ್ಗಿದಳು. ಅಷ್ಟು ಹಿಗ್ಗಿದ್ದನ್ನು ನಾನು ಕಂಡಿರಲಿಲ್ಲ. ಸುಧಾಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತಂದ ಹಸಿರು ಇಳಕಲ್ ಸೀರೆ, ಹಸಿರು ಖಣ, ಬಳೆ ಎಲ್ಲವನ್ನೂ ಮೇಲಿನ ಹಲಗೆಯ ಮೇಲೆ ಒಪ್ಪವಾಗಿ ಇಟ್ಟಳು. ಸರಿಯಾಗಿ ಅದರ ಮರುದಿನ ಕಾಳಪ್ಪ ಕಾಕಾ ಚೀಲ ಹಿಡಿದು ಬಂದ. ನಮ್ಮೂರಲ್ಲಿ ಒಂದು ರೂಢಿ ಇದೆ. ಆಯದ ಮನೆಯ ಮಗಳು ಬಸುರಿಯಾದರೆ ಕುಬಸಕ್ಕೆ ಮುಂಚೆ ಬಡಿಗೇರ ತಾನಾಗಿಯೇ ಬಂದು ತೊಟ್ಟಿಲು ನೋಡುತ್ತಾನೆ. ಸಡಿಲಾದದ್ದನ್ನು ಬಿಗಿಮಾಡಿ, ಎಣ್ಣೆ ಸವರಿ, ಕೂಸಿಗೆ ಸಿದ್ಧವಾಯಿತು ಎಂದು ಹೇಳಿ ಹೋಗುತ್ತಾನೆ. ಯಾರೂ ಕರೆಯಬೇಕಿಲ್ಲ. ಆ ರೂಢಿಯನ್ನು ನಾನು ಮರೆತೇಬಿಟ್ಟಿದ್ದೆ.

ತೊಟ್ಟಿಲು ಇಳಿಸಿ ಎಂದ. ನನ್ನ ಬಾಯಿಂದ ಬಂದದ್ದು, ‘ತೊಟ್ಟಿಲಾ ದುಮ್ಮವಾಡದಾಗ ಐತಿ ಕಾಕಾ. ನೀಲಕ್ಕ ಮೊಮ್ಮಗಗ ಅಂತ ಒಯ್ದಾಳ.’

ದುಮ್ಮವಾಡ ಅಕ್ಕನನ್ನು ಕೊಟ್ಟ ಊರು, ಕಲಘಟಗಿಯ ಕಡೆ. ಅಷ್ಟು ದೂರದಲ್ಲಿರುವವರ ಮೇಲೆ ಹಾಕಿದ ಮಾತನ್ನು ಯಾರೂ ಹೋಗಿ ನೋಡುವುದಿಲ್ಲ ಎಂಬ ಲೆಕ್ಕ ನನ್ನದು. ಕಾಕಾ ಸರಿ ಎಂದು ಹೋದ. ಆದರೆ ಒಳಗಿದ್ದ ಗಿರಿಜಾ ಕೇಳಿಸಿಕೊಂಡಳು. ತನಗೆ ಹೇಳದೆ ಯಾವಾಗ ಕೊಟ್ಟಿರಿ, ಮನೆಯ ಮಗಳು ಬಸುರಿ ಎಂದು ಗೊತ್ತಿದ್ದೂ ಅವರು ಯಾಕೆ ವಾಪಸು ಕಳಿಸಲಿಲ್ಲ ಎಂದು ಕೇಳಿದಳು. ನಾನು, ಬಾಯಿಬಿಟ್ಟು ಕೇಳಿದರೆ ಅಕ್ಕ ತಪ್ಪು ತಿಳಿಯುತ್ತಾಳೆ, ನೀನು ಆ ಮಾತು ಎತ್ತಲೇ ಬೇಡ ಎಂದೆ. ಅವಳು ಎತ್ತಲಿಲ್ಲ. ಎತ್ತದೇ ಒಳಗೇ ಇಟ್ಟುಕೊಂಡಳು. ಅಕ್ಕನ ಫೋನು ಬಂದರೆ ‘ಹೂಂ’, ‘ಹೌದು’ ಅನ್ನುವುದರಲ್ಲಿ ಮಾತು ಮುಗಿಯತೊಡಗಿತು.

ಮಿರಗದ ಮಳೆ ಆ ವರ್ಷ ಚೆನ್ನಾಗಿ ಹೊಡೆಯಿತು. ಊರಿನವರೆಲ್ಲ ಖುಷಿಯಲ್ಲಿದ್ದರು, ನಾನೂ ಇದ್ದೆ. ಕುಬಸದ ದಿನ ಬೆಳಿಗ್ಗೆ ಅಂಗಳದಲ್ಲಿ ಹೆಂಗಸರು ಸೇರಿದ್ದರು, ಅಕ್ಕ ಹಿಂದಿನ ದಿನವೇ ಬಂದಿದ್ದಳು. ಗಿರಿಜಾ ಹಸಿರು ಸೀರೆ ತೆಗೆಯಲು ಹೋದಳು. ಕಪಾಟಿನ ಬಾಗಿಲು ಬರಲಿಲ್ಲ. ನಾನು ಹೋಗಿ ಎಳೆದೆ, ಹಿಡಿಕೆ ಕೈಗೆ ಬಂತು. ಬಗ್ಗಿ ನೋಡಿದರೆ ಬಾಗಿಲ ಮುಂದಿನ ಪರ್ಸಿ ಕಲ್ಲು ಮೇಲೆದ್ದು, ಬಾಗಿಲಿನ ಬುಡವನ್ನು ಅಮುಕಿ ಹಿಡಿದಿತ್ತು. ಗಾಜಿನ ಡಬ್ಬಿಯ ಮಣ್ಣು ನನ್ನ ಕಣ್ಣ ಮುಂದೆ ಬಂತು. ಸುಧಾ ಪಡಸಾಲೆಯಲ್ಲಿ ಮಣೆಯ ಮೇಲೆ ಕೂತು ಸೀರೆಗೆ ಕಾಯುತ್ತಿದ್ದಳು. ಹೆಂಗಸರು ಹಾಡು ಶುರು ಮಾಡಿ, ಮುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದರು.

ಕಾಳಪ್ಪ ಕಾಕಾನನ್ನು ಕರೆಯದೆ ಬೇರೆ ದಾರಿ ಇರಲಿಲ್ಲ. ನಾನೇ ಹೋದೆ. ದಾರಿಯುದ್ದಕ್ಕೂ ಅವನು ಏನನ್ನಬಹುದು ಎಂದು ಎಣಿಸುತ್ತ ಹೋದೆ. ಅವನು ಹಾರೆ ಹಿಡಿದು ಬಂದ. ನಾನು ಬಾಗಿಲು ಒಡೆದುಬಿಡು ಎಂದೆ. ಬಾಗಿಲು ಯಾಕೆ ಕೆಡಿಸುವುದು, ನೆಲ ಇಳಿಸಿದರೆ ಸಾಕು ಎಂದ. ಮುಂದಿನ ಕಲ್ಲನ್ನು ಹಾರೆಯಿಂದ ಮೀಟಿ ಎಬ್ಬಿಸಿ, ಅಡಿಯಿಂದ ಹಸಿ ಎರೆಯನ್ನು ನಾಲ್ಕು ಬೆರಳು ತೆಗೆದು, ಮರಳು ಸುರಿದು, ಕಲ್ಲನ್ನು ಮತ್ತೆ ಕೂರಿಸಿದ. ಬಾಗಿಲು ತಾನಾಗಿ ತೆರೆಯಿತು. ಗಿರಿಜಾ ಸೀರೆ, ಖಣ, ಬಳೆ ಎತ್ತಿಕೊಂಡು ಹೊರಗೆ ಓಡಿದಳು.

ಕಾಕಾ ಮಾತ್ರ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತೇ ಇದ್ದ. ಕೂತವನು ಮೇಲೆ ನೋಡಿದ. ನಿಂತು ನೋಡುವವರಿಗೆ ಯಾರಿಗೂ ಕಾಣದ ಗಿಣಿಗಳು ಅವನಿಗೆ ಕಂಡವು. ಅವನು ಕೈ ಎತ್ತಿ ಒಂದು ಗಿಣಿಯ ಕೊಕ್ಕನ್ನು ಹೆಬ್ಬೆರಳಿನಿಂದ ಸವರಿದ. ಆಮೇಲೆ ನಾನು ಗರಗಸ ಹಾಕಿದ ತುದಿಗೆ ಬೆರಳು ತಂದ. ಅಲ್ಲಿ ಒಂದು ಗಿಣಿಯ ಬಾಲ ಅರ್ಧಕ್ಕೇ ತುಂಡಾಗಿತ್ತು. ನನಗೆ ಆಗ ಆ ನೆಲವೇ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಅದು ಉಬ್ಬುವ ಕಾಲ, ಬಿರಿಯುವ ಕಾಲವಲ್ಲ.

ಅವನು ಬೈಯುತ್ತಾನೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಎದ್ದು, ಪಂಚೆಗೆ ಹತ್ತಿದ ಮಣ್ಣು ಜಾಡಿಸಿ, ಸಣ್ಣ ದನಿಯಲ್ಲಿ, ‘ದುಮ್ಮವಾಡದ್ದು ತೊಟ್ಟಿಲಾ ತರೂದು ನನಗ ಬಿಡ್ರಿ ಮಾಸ್ತರ. ನೀವು ಈ ಹಲಗಿ ಅಷ್ಟ ಬಿಚ್ಚಿ ಇಡ್ರಿ’ ಎಂದ.

ಹೊರಗೆ ಇನ್ನೊಂದು ನಡೆದಿತ್ತು. ಕುಬಸದಲ್ಲಿ ಬಸುರಿಗೆ ಮೊದಲ ಹಸಿರು ಬಳೆ ಇಡಿಸುವ ಹಕ್ಕು ನಮ್ಮ ಮನೆಯಲ್ಲಿ ಸೋದರತ್ತೆಯದು. ನಾನು ಪಡಸಾಲೆಗೆ ಬಂದಾಗ ಅಕ್ಕ ಬಳೆ ಹಿಡಿದು ಸುಧಾಳ ಮುಂದೆ ಬಗ್ಗಿದ್ದಳು. ಗಿರಿಜಾ ಬಂದು, ‘ಇರ್ಲಿ ಅಕ್ಕಾರ, ನಮ್ಮ ವೈನಿ ಇಡಸ್ತಾರ’ ಎಂದು ಅವಳ ಕೈಯಿಂದ ಬಳೆ ಇಸಿದುಕೊಂಡು ತನ್ನ ಅಣ್ಣನ ಹೆಂಡತಿಗೆ ಕೊಟ್ಟಳು. ಅಕ್ಕ ಹಿಂದೆ ಸರಿದು ಕಂಬಕ್ಕೆ ಆತು ನಿಂತಳು. ಅವಳು ನನ್ನ ಕಡೆ ನೋಡಿದಳು. ಯಾಕೆ ಎಂದು ಕೇಳುವ ನೋಟ ಅದು. ನಿಜವಾದ ಕಾರಣ ಗೊತ್ತಿದ್ದವನು ಆ ಮನೆಯಲ್ಲಿ ನಾನೊಬ್ಬನೇ, ಬಿಟ್ಟರೆ ಬಾಗಿಲಲ್ಲಿ ಹಾರೆ ಹಿಡಿದು ನಿಂತ ಕಾಳಪ್ಪ ಕಾಕಾ. ನಾನು ಬಂದವರಿಗೆ ನೀರು ಕೊಡಲು ಹೋದೆ.

ಮರುದಿನ ಹಲಗೆಗಳನ್ನೂ ಹಿತ್ತಲ ಗೋಣಿಚೀಲವನ್ನೂ ಕಾಕಾನ ಮನೆಗೆ ಮುಟ್ಟಿಸಿದೆ. ಗಿರಿಜಾಳಿಗೆ, ಹಸಿಗೆ ಹಲಗೆ ಬಾಗಿವೆ, ಕಾಕಾ ನೇರ ಮಾಡಿಕೊಡುತ್ತಾನೆ ಎಂದು ಇನ್ನೊಂದು ಹೇಳಿದೆ. ಪಂಚಮಿ ಹಬ್ಬಕ್ಕೆ ಅಕ್ಕನನ್ನು ಕರೆತರಲು ದುಮ್ಮವಾಡಕ್ಕೆ ಹೋದೆ. ಪ್ರತಿ ವರ್ಷ ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದವಳು, ಹೊಲದಲ್ಲಿ ಕಳೆ ಬಹಳವಿದೆ, ಈ ವರ್ಷ ಬರಲಾಗುವುದಿಲ್ಲ ಎಂದಳು. ಉಂಡಿ ಕಟ್ಟಿ ನನ್ನ ಕೈಯಲ್ಲೇ ಕಳಿಸಿದಳು. ಮದುವೆಯಾದ ಮೇಲೆ ಅವಳು ತಪ್ಪಿಸಿದ ಮೊದಲ ಪಂಚಮಿ ಅದು. ಅಲ್ಲಿ ಅವಳ ಪಡಸಾಲೆಯಲ್ಲಿ, ನಾವಿಬ್ಬರೇ ಕೂತಿದ್ದಾಗ, ಹೇಳಿಬಿಡಬಹುದಿತ್ತು. ನಾನು ಉಂಡಿ ಚೆನ್ನಾಗಿವೆ ಎಂದೆ.

ಸುಧಾ ಹಡೆದಳು, ಗಂಡು ಕೂಸು. ಹೆಸರಿಡುವ ದಿನ ಬೆಳಿಗ್ಗೆ ಕಾಳಪ್ಪ ಕಾಕಾ ತೊಟ್ಟಿಲನ್ನು ಸೈಕಲ್ಲಿಗೆ ಕಟ್ಟಿಕೊಂಡು, ನೂಕುತ್ತ ಬಂದ. ನಾನು ಕೊಯ್ದ ತುದಿಗಳಿಗೆಲ್ಲ ಹೊಸ ಸಾಗವಾನಿಯ ಪಟ್ಟಿ ಬೆಸೆದಿದ್ದ. ತುಂಡಾದ ಗಿಣಿಗೆ ಹೊಸ ಬಾಲ ಕೆತ್ತಿದ್ದ. ಹೊಸ ಮರದ ಬಣ್ಣ ಮಾತ್ರ ಹಳೆಯದಕ್ಕೆ ಹೊಂದಿರಲಿಲ್ಲ, ಬೇಕಂತಲೇ ಹಾಗೆ ಬಿಟ್ಟನೋ ಏನೋ. ಕೇಳಿದವರಿಗೆಲ್ಲ, ದುಮ್ಮವಾಡದಿಂದ ಬಂತು, ದಾರಿಯಲ್ಲಿ ಪೆಟ್ಟಾಗಿತ್ತು ಎಂದ. ಬಡಿಗೇರನಿಗೆ ಕೊಡುವ ಅರಿವೆ, ಕಾಯಿ ನಾನು ಕೊಡಲು ಹೋದಾಗ, ‘ಇದು ನಮ್ಮಪ್ಪನ ಕೆಲಸರಿ, ನಂದಲ್ಲ’ ಎಂದು ಅದನ್ನು ತೊಟ್ಟಿಲ ಮುಂದೆ ಇಟ್ಟು ನಮಸ್ಕಾರ ಮಾಡಿ, ಆಮೇಲೆ ಎತ್ತಿಕೊಂಡ. ನನ್ನ ಮುಖ ನೋಡಲಿಲ್ಲ.

ಅಕ್ಕ ಬಂದಿದ್ದಳು. ತಮ್ಮನ ಮೊಮ್ಮಗನ ಹೆಸರಿಗೆ ಬರದೆ ಇರುವಷ್ಟು ಸಿಟ್ಟು ಅವಳಲ್ಲಿ ಇರಲಿಲ್ಲ. ಆದರೆ ಕರೆಯುವ ತನಕ ಮುಂದೆ ಬರದೆ, ಗೋಡೆಯ ಬದಿಗೆ ಜಮಖಾನದ ತುದಿಯಲ್ಲಿ ಕೂತಿದ್ದಳು. ಗಿರಿಜಾ ತೊಟ್ಟಿಲಿಗೆ ಹೂ ಕಟ್ಟುತ್ತ, ಎಲ್ಲರಿಗೂ ಕೇಳುವ ಹಾಗೆ, ‘ಕಡೀಕೂ ತೊಟ್ಟಿಲಾ ಕಳಸಿದ್ರೆಲ್ಲ ಅಕ್ಕಾರ, ಪುಣ್ಯಾ ಬರ್ಲಿ ನಿಮಗ’ ಎಂದಳು.

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಎದ್ದು ಬಂದು ತೊಟ್ಟಿಲು ನೋಡಿದಳು. ಆ ತೊಟ್ಟಿಲಿನ ಪ್ರತಿ ಮೊಳೆ ಗೊತ್ತಿದ್ದವಳು ಅವಳು. ಹೊಸ ಪಟ್ಟಿಗಳನ್ನು ಮುಟ್ಟಿದಳು, ಗಿಣಿಯ ಬಿಳಿ ಬಾಲವನ್ನು ಮುಟ್ಟಿದಳು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದಳು. ಕೊಡ ಇಳಿಸುತ್ತ ನೋಡಿದ್ದಳಲ್ಲ, ಅದೇ ನೋಟ. ನಾನು ಬಾಯಿ ತೆಗೆಯಬೇಕಾದ ಗಳಿಗೆ ಅದು. ಹತ್ತು ವರ್ಷದ ಹುಡುಗನಿಗೆ ಆಗದ್ದು ಮೊಮ್ಮಗನನ್ನು ಕಂಡ ಅಜ್ಜನಿಗೂ ಆಗಲಿಲ್ಲ.

‘ಹೌದವಾ ಗಿರಿಜಾ, ನನ್ನ ಕಡಿಂದ ತಡಾ ಆತು. ಮನಸಿನ್ಯಾಗ ಇಟಗೋಬ್ಯಾಡ’ ಎಂದಳು ಅಕ್ಕ.

ಕೂಸನ್ನು ತೊಟ್ಟಿಲ ಮೇಲಿಂದ ಕೆಳಗಿಂದ ದಾಟಿಸಿದರು, ಹೆಸರಿಟ್ಟರು, ಗುಗ್ಗರಿ ಹಂಚಿದರು. ಸಂಜೆಯ ಮುಂಚೆ ಅಕ್ಕ ಹೊರಟಳು. ನಿಲ್ಲು ಎಂದು ಯಾರೂ ಒತ್ತಾಯ ಮಾಡಲಿಲ್ಲ. ಚೀಲ ಹಿಡಿದು ಬಸ್ ನಿಲ್ದಾಣ ಮುಟ್ಟಿಸಲು ನಾನು ಹೋದೆ. ಹುಬ್ಬಳ್ಳಿ ಬಸ್ಸು ಬಂದು ನಿಂತಾಗ ಅವಳು ನನ್ನ ಕೈಯಿಂದ ಚೀಲ ತೆಗೆದುಕೊಂಡಳು.

‘ತಮ್ಮಾ, ಇನ್ನೊಮ್ಮೆ ಏನರೆ ಮಾಡೂದಿದ್ರ ಮೊದಲ ನನಗೊಂದ ಫೋನ್ ಹಚ್ಚು. ನಿಮ್ಮ ಮನ್ಯಾಗಿಂದ ನಾ ಏನೇನ ಒಯ್ದೇನಿ ಅನ್ನೂದು ನನಗೂ ಗೊತ್ತಿರ್ಲಿ’ ಎಂದಳು.

ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತು, ಸೆರಗು ಸರಿ ಮಾಡಿಕೊಂಡು ಎದುರಿಗೆ ನೋಡತೊಡಗಿದಳು. ‘ನಿಮ್ಮ ಮನೆ’ ಎಂದಿದ್ದಳು. ಅಷ್ಟು ವರ್ಷಗಳಲ್ಲಿ ಅವಳು ಆ ಮನೆಯನ್ನು ‘ನಮ್ಮನಿ’ ಎಂದಲ್ಲದೆ ಬೇರೆ ಮಾತಿನಲ್ಲಿ ಕರೆದದ್ದನ್ನು ನಾನು ಕೇಳಿರಲಿಲ್ಲ.

ಮನೆಗೆ ಬಂದು ನೇರವಾಗಿ ಕೋಣೆಗೆ ಹೋದೆ. ಗಿರಿಜಾ ಕೂಸಿನ ಬಟ್ಟೆ ಮಡಚುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಪ್ಲೈವುಡ್ಡು ಮುಗಿದದ್ದು, ಅಟ್ಟ, ಗರಗಸ, ಗಿಣಿ, ದುಮ್ಮವಾಡ, ಎಲ್ಲ. ಹೇಳುವಾಗ ಕಪಾಟಿನ ಬಾಗಿಲನ್ನೇ ನೋಡುತ್ತಿದ್ದೆ, ಅವಳನ್ನಲ್ಲ. ತೊಟ್ಟಿಲು ಕೊಯ್ದದ್ದಕ್ಕೆ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ತೊಟ್ಟಿಲ ಮಾತೇ ಆಡಲಿಲ್ಲ. ಮಡಚುವ ಕೈ ನಿಂತಿತು.

‘ಕುಬಸದಾಗ ಆಕಿ ಕೈಯಾಗಿನ ಬಳಿ ನಾ ಇಸಗೊಂಡ್ನೆಲ್ರಿ’ ಎಂದಳು.

ಆಮೇಲೆ ಫೋನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಅವರಿಬ್ಬರೂ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಬಹಳ ಹೊತ್ತು ಮಾತಾಡಿದರು. ನಡುವೆ ಒಮ್ಮೆ ಗಿರಿಜಾ ಅತ್ತ ಸದ್ದು ಕೇಳಿತು. ದೀಪಾವಳಿಗೆ ಅವಳು ನನ್ನನ್ನು ಬಿಟ್ಟು ಒಬ್ಬಳೇ ದುಮ್ಮವಾಡಕ್ಕೆ ಹೋಗಿ, ಅಕ್ಕನ ಕೈಗೆ ತಾನೇ ಹಸಿರು ಬಳೆ ಇಡಿಸಿ, ಅವಳನ್ನು ಜೊತೆಗೇ ಕರೆದುಕೊಂಡು ಬಂದಳು. ಅಕ್ಕ ಎಂಟು ದಿನ ಇದ್ದಳು. ನನ್ನ ಜೊತೆ ಚೆನ್ನಾಗಿಯೇ ಮಾತಾಡಿದಳು. ಆದರೂ ಬೆಳಿಗ್ಗೆ ನಾನು ಏನಾದರೂ ಹುಡುಕುತ್ತಿದ್ದರೆ, ‘ನಾ ಒಯ್ದಿಲ್ಲ ನೋಡಪಾ’ ಎನ್ನುತ್ತಿದ್ದಳು. ಇಬ್ಬರೂ ಹೆಂಗಸರು ನಗುತ್ತಿದ್ದರು, ನಾನು ನೀರು ಕುಡಿಯಲು ಹೋಗುತ್ತಿದ್ದೆ.

ಮಾಸ್ತರರ ಕೋಣೆಯಲ್ಲಿ ಕಪಾಟು ಏನಾಯಿತು ಎಂದು ಕೇಳಿದವರಿಗೆ, ಕೆಳಗೆ ಎರಡು ಬೆರಳು ಸಂದಿ ಬಿಡಬೇಕಿತ್ತು, ಬಿಡಲಿಲ್ಲ ಎಂದು ಹೇಳಿದ್ದೇನೆ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಈಗ ನಿಮಗೆ ಹೇಳಿದ್ದೇನೆ.

ಸುಧಾ ಗಂಡನ ಮನೆಗೆ ಹೋದ ಮೇಲೆ ಒಂದು ದಿನ ಕಾಳಪ್ಪ ಕಾಕಾ ಮೂರು ಹೊಸ ಹಲಗೆ ಹೊತ್ತುಕೊಂಡು ಬಂದ. ಬೇವಿನವು, ಕೀಸುಳಿ ಹೊಡೆದು ಕನ್ನಡಿಯ ಹಾಗೆ ನುಣುಪು ಮಾಡಿದ್ದ. ಖಾಲಿ ಕಪಾಟು ನೋಡಿದರೆ ತನಗೆ ಕಸಿವಿಸಿಯಾಗುತ್ತದೆ, ಕೂರಿಸಿಕೊಡುತ್ತೇನೆ ಎಂದ. ನನಗೆ ಹಿಗ್ಗಾಯಿತು. ಇನ್ನು ನಿಂತುಕೊಂಡೇ ಅಂಗಿ ತೆಗೆಯಬಹುದು ಎಂದು ಬಾಗಿಲು ತೆಗೆಯಲು ಎದ್ದೆ. ಗಿರಿಜಾ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಕಾಕಾನಿಗೆ ಕೂರಲು ಮಣೆ ಹಾಕಿ, ಹಲಗೆಗಳನ್ನು ಅಡಿಗೆಮನೆಯ ಗೋಡೆಗೆ ಹೊಡೆದುಕೊಡು, ಡಬ್ಬಿ ಇಡಲಿಕ್ಕೆ ಬೇಕಾಗಿದ್ದವು ಎಂದಳು. ಕಪಾಟಿಗೆ ಬೇಡವೇ ಎಂದು ನಾನು ಕೇಳಿದೆ.

‘ಕಪಾಟಿಗೆ ಬ್ಯಾಡ್ರಿ’ ಎಂದಳು. ‘ನೀವು ದಿನಾ ಬಗ್ಗಿ ತಗೋರಿ.’